ಕೀಲಿ ತೆಗೆಯುವ ಮೊದಲು: ವರ್ಷಗಟ್ಟಲೆ ಹೊರಗಿದ್ದು ಊರಿಗೆ ಮರಳುವವರಿಗೆ

ಹದಿನಾಲ್ಕು ತಿಂಗಳು ಹೊರಗಿದ್ದ ನಾನು ಇಂಡಿ ತಾಲೂಕಿನ ನಮ್ಮ ಹಳ್ಳಿಯ ಮನೆಗೆ ರಾತ್ರಿ ಒಂಬತ್ತರ ಬಸ್ಸಿಗೆ ಬಂದಿಳಿದದ್ದೇ ಮೊದಲ ತಪ್ಪು. ಕೀಲಿಗೆ ತುಕ್ಕು ಹಿಡಿದಿತ್ತು, ಹಿರಿಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಹೇಗೋ ಒಳಗೆ ಕಾಲಿಟ್ಟರೆ ದೀಪ ಹತ್ತಲಿಲ್ಲ. ಆ ರಾತ್ರಿ ಪಕ್ಕದ ಮನೆಯ ಪಡಸಾಲೆಯಲ್ಲಿ ಮಲಗಿದೆವು. ಹೋಗುವಾಗ ಮೂರು ತಿಂಗಳು ಮೊದಲೇ ಕೂತು ಪಟ್ಟಿ ಬರೆದಿದ್ದವನು ಬರುವಾಗ ಒಂದು ಚೀಟಿಯನ್ನೂ ಬರೆದಿರಲಿಲ್ಲ. ನಮ್ಮ ಮನೆಗೆ ನಾವು ಬರುವುದಕ್ಕೆ ತಯಾರಿ ಏಕೆ ಎಂದುಕೊಂಡಿದ್ದೆ.

ದುಬೈ, ಸೌದಿಯಲ್ಲಿ ದುಡಿದು ಬರುವವರಿರಲಿ, ಮಕ್ಕಳ ಮನೆಯಲ್ಲಿ ವರ್ಷ ಕಳೆದು ಬರುವ ಹಿರಿಯರಿರಲಿ, ದೇಶ ಸುತ್ತಿ ಬರುವವರಿರಲಿ, ವಿಜಯಪುರ, ಬಾಗಲಕೋಟೆ ಕಡೆಯ ಊರುಗಳಿಗೆ ಮರಳುವವರಿಗೆ ಎದುರಾಗುವ ಕೆಲಸಗಳು ಹೆಚ್ಚುಕಡಿಮೆ ಒಂದೇ. ಅವುಗಳನ್ನು ಯಾವ ಕ್ರಮದಲ್ಲಿ ಮಾಡಿದರೆ ತೊಂದರೆ ಕಡಿಮೆ ಎಂಬುದನ್ನು ನಾನು ಎಡವಿ ಕಲಿತಂತೆ ಇಲ್ಲಿ ಬರೆದಿದ್ದೇನೆ.

ಬರುವ ಕಾಲ

ಕಾಲವನ್ನು ಆರಿಸಿಕೊಳ್ಳುವ ಅನುಕೂಲವಿದ್ದರೆ ದಸರೆಗೆ ಬನ್ನಿ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಉಳಿದ ಯಾವ ತಿಂಗಳಿಗಿಂತಲೂ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ ಸುರಿಯುತ್ತದೆ. ಆದ್ದರಿಂದ ದಸರೆಯ ಹೊತ್ತಿಗೆ ಮನೆ ಎಲ್ಲಿ ಸೋರಿದೆ ಎಂಬುದು ಕಲೆಗಳಿಂದಲೇ ಕಾಣುತ್ತದೆ, ರಿಪೇರಿಗೆ ಮುಂದೆ ಏಳೆಂಟು ತಿಂಗಳು ಒಣ ಹವೆಯೂ ಸಿಗುತ್ತದೆ. ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿರುವುದರಿಂದ ಊರ ಮಂದಿ ಊರಲ್ಲೇ ಇರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬರುವುದನ್ನು ಆದಷ್ಟು ತಪ್ಪಿಸಬೇಕು. ತಂಪು ದೇಶದಿಂದಲೋ ಹಗಲಿಡೀ ಏಸಿ ಇರುವ ಕಚೇರಿಯಿಂದಲೋ ಬಂದ ದೇಹ 40 ಡಿಗ್ರಿ ದಾಟಿದ ಬಿಸಿಲಿಗೆ ಮತ್ತೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ದಿನಗಳಲ್ಲೇ ಮಾಳಿಗೆ (ಮನೆಯ ಮೇಲ್ಛಾವಣಿ) ಹತ್ತಿ ಇಳಿಯುವ ಕೆಲಸವೂ ಇರುತ್ತದೆ ಎಂಬುದನ್ನು ಮರೆಯಬಾರದು.

ಹೊರಡುವ ಮೊದಲು ಎರಡು ಕೆಲಸ

ಮೊದಲನೆಯದು ನಿಮ್ಮ ಹಳೆಯ ಮೊಬೈಲ್ ನಂಬರು ಜೀವಂತವಾಗಿದೆಯೇ ಎಂದು ನೋಡುವುದು. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೇ ಬಿಟ್ಟರೆ, ಅದರಲ್ಲಿ ದುಡ್ಡೂ ಉಳಿದಿಲ್ಲದಿದ್ದರೆ, ಕಂಪನಿಯು ಅದನ್ನು ನಿಲ್ಲಿಸಿ ಮುಂದೊಂದು ದಿನ ಬೇರೆಯವರಿಗೆ ಕೊಟ್ಟುಬಿಡಬಹುದು. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲದರ ಓಟಿಪಿ ಅದೇ ನಂಬರಿಗೆ ಬರುವುದರಿಂದ ಆ ಒಂದು ಎಳೆ ಹರಿದರೆ ಉಳಿದ ಕೆಲಸಗಳೆಲ್ಲ ಕಚೇರಿಗಳ ಸಾಲಿನಲ್ಲಿ ನಿಲ್ಲುತ್ತವೆ. ಎರಡನೆಯದು, ಕೀಲಿಕೈ ಇಟ್ಟುಕೊಂಡ ನೆರೆಮನೆಯವರಿಗೆ ಫೋನು ಮಾಡಿ, ನೀವು ಬರುವ ಎರಡು ದಿನ ಮೊದಲು ಬಾಗಿಲು, ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡುವಂತೆ ಕೇಳುವುದು. ಕಸ ಹೊಡೆಯಲು ಹೇಳಬೇಡಿ. ಅವರು ಸಂಕೋಚಕ್ಕೆ ಹೂಂ ಎನ್ನುತ್ತಾರೆ, ಅದು ಋಣವಾಗುತ್ತದೆ. ಅಲ್ಲದೆ ಕಸ ಬಿದ್ದ ಜಾಗವನ್ನು ನೀವೇ ಕಣ್ಣಾರೆ ನೋಡಿದರೆ ಮಣ್ಣು ಎಲ್ಲಿಂದ ಉದುರಿದೆ, ಗೆದ್ದಲು ಎಲ್ಲಿ ಹತ್ತಿದೆ ಎಂಬುದು ತಿಳಿಯುತ್ತದೆ.

ಮನೆ ತೆರೆಯುವ ದಿನ

ಮೊದಲ ರಾತ್ರಿಯ ವಸತಿಯನ್ನು ಬೇರೆ ಕಡೆ ಇಟ್ಟುಕೊಂಡು, ಬೆಳಗಿನ ಹೊತ್ತು, ಗಟ್ಟಿ ಬೂಟು ಹಾಕಿಕೊಂಡು, ಕೈಯಲ್ಲಿ ಬ್ಯಾಟರಿ ಮತ್ತು ಒಂದು ಉದ್ದ ಕೋಲು ಹಿಡಿದು ಹೋಗಿ. ಒಳಗೆ ಹೋಗುವ ಮೊದಲು ಹೊರಗಿನಿಂದ ಒಂದು ಸುತ್ತು ಹಾಕಿ: ಸೂರಿನಡಿ ಜೇನುಗೂಡು ಇದೆಯೇ, ವಿದ್ಯುತ್ ತಂತಿ ಜೋತುಬಿದ್ದಿದೆಯೇ, ಹಿತ್ತಿಲಿನ ಕಳೆ ಗೋಡೆಗೆ ತಾಗಿ ಬೆಳೆದಿದೆಯೇ ಎಂದು ನೋಡಿ. ಕಟ್ಟಿಗೆಯ ಒಟ್ಟಿಲು, ಮಡಚಿಟ್ಟ ಚೀಲ, ಬಚ್ಚಲ ಮೂಲೆ ಇವು ಚೇಳಿಗೂ ಹಾವಿಗೂ ಮೆಚ್ಚಿನ ಜಾಗಗಳು. ಅಲ್ಲಿಗೆ ಕೋಲು ಹೋದ ನಂತರವೇ ಕೈ ಹೋಗಬೇಕು. ಕಚ್ಚಿದರೆ ಮಂತ್ರ ಹಾಕಿಸಲು ಓಡಾಡದೆ ನೇರವಾಗಿ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕಲೂ ಬೇಡಿ, ತೆಗೆಯಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಿ. ವಾಸನೆ ಇಲ್ಲದಿದ್ದರೂ ಸಿಲಿಂಡರಿನ ರಬ್ಬರ್ ಪೈಪನ್ನು ಬಗ್ಗಿಸಿ ಬಿರುಕು ನೋಡಿ. ಇಲಿ ಕಚ್ಚಿರದಿದ್ದರೂ ಅದನ್ನು 5 ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ವಿದ್ಯುತ್ತಿನ ವಿಷಯದಲ್ಲಿ ಮೇನ್ ಸ್ವಿಚ್ ಹಾಕುವ ಮೊದಲು ಒಳಗಿನ ಎಲ್ಲ ಎಂಸಿಬಿಗಳನ್ನು (ದೋಷವಿದ್ದರೆ ತಾನೇ ಬೀಳುವ ಸ್ವಿಚ್ಚುಗಳು) ಕೆಳಗಿಳಿಸಿ, ಪ್ಲಗ್ಗುಗಳನ್ನು ಕಿತ್ತು, ಆಮೇಲೆ ಒಂದೊಂದಾಗಿ ಮೇಲೆತ್ತಬೇಕು. ಯಾವುದನ್ನು ಎತ್ತಿದಾಗ ಮತ್ತೆ ಬೀಳುತ್ತದೆಯೋ ಆ ಸಾಲಿನ ತಂತಿಯನ್ನು ಇಲಿ ಕಡಿದಿರುವ ಸಂಭವ ಹೆಚ್ಚು. ಅದನ್ನು ಹಾಗೇ ಬಿಟ್ಟು ವಾಯರಮನ್‌ನನ್ನು ಕರೆಸಿ. ಮೀಟರಿಗೇ ಕರೆಂಟು ಬಂದಿಲ್ಲವಾದರೆ ಅದು ಹೆಸ್ಕಾಂನ ಕೆಲಸ. ಬಾಕಿ ಬಿಲ್ಲಿನ ಚೀಟಿ ಬಾಗಿಲ ಸಂದಿಯಲ್ಲಿ ಬಿದ್ದಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಮುಚ್ಚಿದ ಮನೆಯಲ್ಲಿ ಬರುವ ಕೊಳಕು ವಾಸನೆಗೆ ಬಹಳ ಜನ ಸತ್ತ ಇಲಿಯನ್ನು ಹುಡುಕುತ್ತಾರೆ. ಎಷ್ಟೋ ಸಲ ಕಾರಣ ಇನ್ನೂ ಸರಳವಾಗಿರುತ್ತದೆ. ಬಚ್ಚಲು ಮತ್ತು ಶೌಚದ ಕೊಳವೆಯ ಬಾಗಿದ ಭಾಗದಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ಗಾಳಿ ಒಳಗೆ ಬಾರದಂತೆ ತಡೆಯುತ್ತದೆ. ಯಾರೂ ಬಳಸದಿದ್ದರೆ ಆ ನೀರು ಆರಿಹೋಗಿ ವಾಸನೆಗೂ ಜಿರಳೆಗೂ ದಾರಿ ತೆರೆದುಕೊಳ್ಳುತ್ತದೆ. ಪ್ರತಿ ಮೋರಿಗೆ ಒಂದೊಂದು ಕೊಡ ನೀರು ಸುರಿದರೆ ಮುಗಿಯಿತು. ನಾನು ಇದು ತಿಳಿಯದೆ ಎರಡು ದಿನ ಊದಿನಕಡ್ಡಿ ಹಚ್ಚಿ ಕೂತಿದ್ದೆ.

ಟಾಕಿಯಲ್ಲಿ ನಿಂತ ನೀರನ್ನು ಪೂರ್ತಿ ಹೊರಗೆ ಬಿಟ್ಟು, ತಳದ ಕೆಸರು ತೆಗೆದು, ಗೋಡೆ ಉಜ್ಜಿ, ಮತ್ತೆ ತುಂಬಬೇಕು. ಹೊಸದಾಗಿ ತುಂಬಿದ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂನಷ್ಟು ಬ್ಲೀಚಿಂಗ್ ಪೌಡರ್ ಕರಗಿಸಿ ಹಾಕಿ ಒಂದು ಗಂಟೆ ಬಿಡಬೇಕು. ಹೋಗುವಾಗ ಕಪಾಟಿನಲ್ಲಿ ಉಳಿದಿದ್ದ ಹಳೆಯ ಡಬ್ಬಿಯ ಪುಡಿಯನ್ನು ಬಳಸಬೇಡಿ, ಗಾಳಿ ತಾಗಿ ಅದರ ಶಕ್ತಿ ಹೋಗಿರುತ್ತದೆ. ನಲ್ಲಿಗಳನ್ನು ಒಂದೊಂದಾಗಿ ಐದು ನಿಮಿಷ ಹರಿಯಬಿಡಿ. ಕುಡಿಯಲು ಮಾತ್ರ ಮೊದಲ ವಾರ ಕುದಿಸಿ ಆರಿಸಿದ ನೀರೇ ಇರಲಿ.

ಗೋಡೆ ಮತ್ತು ಮಾಳಿಗೆ

ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆಯೂ ಅದರ ಜೊತೆಗೇ ಏರಿಳಿಯುವುದರಿಂದ ಬಾಗಿಲು ಕಚ್ಚಿಕೊಳ್ಳುವುದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುವುದು ಸಾಮಾನ್ಯ. ಬಂದ ವಾರವೇ ಗೌಂಡಿಯನ್ನು ಕರೆಸಿ ಬಿರುಕಿಗೆ ಸಿಮೆಂಟು ತುಂಬಿಸುವವರಿದ್ದಾರೆ. ಅದು ದುಡ್ಡು ಹಾಳು ಮಾಡುವ ಕೆಲಸ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ, ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೂ ಗೆರೆ ದಾಟದಿದ್ದರೆ, ಕಾಗದ ಹರಿಯದಿದ್ದರೆ ಮುಚ್ಚಿಸಿ. ಬಿರುಕು ಬೆಳೆಯುತ್ತಲೇ ಇದ್ದರೆ ತಪ್ಪು ಬುನಾದಿಯಲ್ಲಿದೆ. ಅದಕ್ಕೆ ಎಂಜಿನಿಯರ್ ಬೇಕು.

ಮಣ್ಣಿನ ಮಾಳಿಗೆಯ ಮನೆಯಿದ್ದವರು ಮೊದಲು ಕಿತ್ತುಹಾಕಬೇಕಾದದ್ದು ಮೇಲೆ ಬೆಳೆದ ಹುಲ್ಲನ್ನು, ಏಕೆಂದರೆ ಬೇರು ಇಳಿದ ದಾರಿಯಲ್ಲೇ ನೀರು ಇಳಿಯುತ್ತದೆ. ಹಿರಿಯರು ಮಾಳಿಗೆಗೆ ಸವಳು ಮಣ್ಣನ್ನೇ ಹುಡುಕಿ ತಂದು ಹಾಕಿಸುತ್ತಿದ್ದುದಕ್ಕೆ ಕಾರಣವಿದೆ: ಹೊಲಕ್ಕೆ ಶಾಪವಾದ ಆ ಉಪ್ಪಿನ ಮಣ್ಣು ನೀರು ತಾಗಿದೊಡನೆ ನುಣ್ಣಗೆ ಬಿಚ್ಚಿಕೊಂಡು ಸಂದುಗಳನ್ನು ಮುಚ್ಚಿ ನೀರು ಇಂಗದಂತೆ ಮಾಡುತ್ತದೆ. ಹೊಸ ಪದರವನ್ನು ಮೇ ತಿಂಗಳ ಕೊನೆಯೊಳಗೆ ಹಾಕಿಸಿಬಿಡಬೇಕು. ಅದಕ್ಕೂ ಮೊದಲು ತೊಲೆ, ಜಂತಿಗಳನ್ನು ಬಡಿದು ನೋಡಿ. ಟೊಳ್ಳು ಸದ್ದು ಬಂದ ಕಡೆ ಗೆದ್ದಲು ಒಳಹೊಕ್ಕಿರುತ್ತದೆ, ಅಂಥ ಕಡೆ ಮೇಲೆ ಭಾರ ಹೇರಬಾರದು.

ಹೊಲ ಮತ್ತು ಕಾಗದ

ಮನೆಯ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಋಣಗಳ ವಿವರ ಇರುತ್ತದೆ. ನೀವಿಲ್ಲದಾಗ ಏನಾದರೂ ಬದಲಾಗಿದೆಯೇ ಎಂದು ಎರಡನ್ನೂ ಓದಿ. ಮನೆಯ ಹಿರಿಯರು ತೀರಿಕೊಂಡಿದ್ದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಬದಲಾವಣೆಯನ್ನು ಮುಂದಕ್ಕೆ ಹಾಕಬೇಡಿ. ಬಹಳ ವರ್ಷ ಹೊರಗಿದ್ದವರು ನಿಮ್ಮ ಊರು ಈಗ ಯಾವ ತಾಲೂಕಿನಲ್ಲಿದೆ ಎಂದೂ ಕೇಳಿಕೊಳ್ಳಬೇಕು. ಹಿಂದೆ ಐದೇ ತಾಲೂಕುಗಳಿದ್ದ ವಿಜಯಪುರ ಜಿಲ್ಲೆಯಲ್ಲಿ ಈಗ ಚಡಚಣ, ತಿಕೋಟಾ, ಬಬಲೇಶ್ವರ, ಕೊಲ್ಹಾರ, ನಿಡಗುಂದಿ, ತಾಳಿಕೋಟೆ, ದೇವರ ಹಿಪ್ಪರಗಿ, ಆಲಮೇಲಗಳೂ ತಾಲೂಕುಗಳೇ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಬಿಜಾಪುರ ಅಧಿಕೃತವಾಗಿ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಹೀಗಾಗಿ ಜನ್ಮದಾಖಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರು ಇರುವುದು ತಪ್ಪಲ್ಲವಾದರೂ ಹೊಸ ಅರ್ಜಿಗಳಲ್ಲೆಲ್ಲ ಒಂದೇ ರೂಪವನ್ನು ಬರೆಯುವುದು ಲೇಸು. ಕೃಷ್ಣೆಯ ದಂಡೆಯಲ್ಲಿ ಜಮೀನಿದ್ದವರು ಇನ್ನೊಂದನ್ನು ವಿಚಾರಿಸಬೇಕು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯ ಭೂಸ್ವಾಧೀನದಲ್ಲಿ ನಿಮ್ಮ ಸರ್ವೆ ನಂಬರು ಸೇರಿದ್ದರೆ ನೋಟಿಸು ಹಳೆಯ ವಿಳಾಸಕ್ಕೆ ಬಂದು ಹೋಗಿರಬಹುದು.

ಹೊಲವನ್ನು ಲಾವಣಿಗೋ (ಗೇಣಿಗೆ) ಪಾಲಿಗೋ ಕೊಟ್ಟು ಹೋಗಿದ್ದರೆ, ನಡುವರ್ಷದಲ್ಲಿ ಬಂದು ಬಿಡಿಸಿಕೊಳ್ಳಲು ಹೋಗಬೇಡಿ. 1974ರ ಭೂಸುಧಾರಣೆಯ ನಂತರ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನಲ್ಲಿ ಬಹುಮಟ್ಟಿಗೆ ಅವಕಾಶವಿಲ್ಲ. ಈ ಒಪ್ಪಂದಗಳೆಲ್ಲ ಯುಗಾದಿಯಿಂದ ಯುಗಾದಿಗೆ, ನಾಲ್ಕು ಮಂದಿಯ ಎದುರಿನ ಬಾಯಿಮಾತಿನ ಮೇಲೆ ನಡೆಯುತ್ತವೆ. ಬಿತ್ತಿದವನಿಗೆ ರಾಶಿಯಾಗುವವರೆಗೆ ಹೊಲ ಬಿಟ್ಟು, ಎಳ್ಳಮಾವಾಸ್ಯೆಯಂದು ಹೊಲಕ್ಕೆ ಎಡೆ ಚೆಲ್ಲುವ ಚರಗಕ್ಕೆ ಅವನ ಜೊತೆಗೇ ಹೋಗಿ, ಯುಗಾದಿಗೆ ಮಾತು ಮುಗಿಸುವುದೇ ಸರಿಯಾದ ದಾರಿ.

ಬ್ಯಾಂಕಿನ ವಿಷಯ ಚಿಕ್ಕದು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ; ಕೆವೈಸಿ (ಗುರುತು, ವಿಳಾಸದ ದಾಖಲೆ) ಕೊಟ್ಟರೆ ಶುಲ್ಕವಿಲ್ಲದೆ ಮತ್ತೆ ತೆರೆಯುತ್ತಾರೆ. ವಿದೇಶದ ನೌಕರಿ ಬಿಟ್ಟು ಇಲ್ಲೇ ನೆಲೆಸಲು ಬಂದವರು ತಮ್ಮ ಎನ್‌ಆರ್‌ಇ ಖಾತೆಯನ್ನು (ಅನಿವಾಸಿ ಭಾರತೀಯರ ಖಾತೆ) ತಡ ಮಾಡದೆ ನಿವಾಸಿ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಎಫ್‌ಸಿಎನ್‌ಆರ್ ಠೇವಣಿಯನ್ನು (ವಿದೇಶಿ ಹಣದಲ್ಲಿ ಇಟ್ಟದ್ದು) ಮಾತ್ರ ಅವಧಿ ಮುಗಿಯುವವರೆಗೆ ಹಾಗೆಯೇ ಬಿಡಬಹುದು. ಪಟ್ಟಣದ ಮನೆಯ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ಗಾಡಿಯನ್ನು ರಸ್ತೆಗಿಳಿಸುವ ಮೊದಲು ವಿಮೆ ನೋಡಿ, ಲೈಸೆನ್ಸಿನ ತಾರೀಖನ್ನೂ ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.

ಮಂದಿ

ಇದನ್ನು ಕೊನೆಗೆ ಬರೆದೆನಾದರೂ ಬಂದ ಎರಡನೆಯ ದಿನದಿಂದಲೇ ಶುರುವಾಗಬೇಕಾದ ಕೆಲಸ ಇದು. ನೀವಿಲ್ಲದಾಗ ಊರಲ್ಲಿ ಯಾರು ಯಾರು ತೀರಿಕೊಂಡರು ಎಂಬುದನ್ನು ನೆರೆಮನೆಯವರಿಂದ ಕೇಳಿ ಬರೆದುಕೊಳ್ಳಿ. ಆ ಮನೆಗಳಿಗೆ ಹೋಗಿ ಮಾತಾಡಿಸಿ ಬರುವವರೆಗೆ ಮದುವೆಯಾದ ಮನೆಗೆ, ತೊಟ್ಟಿಲು ಕಟ್ಟಿದ ಮನೆಗೆ ಉಡುಗೊರೆ ಹಿಡಿದು ಹೋಗಬೇಡಿ. ಸಾವಿನ ಮನೆಗೆ ವರ್ಷದ ನಂತರ ಹೋಗುವುದು ಹೇಗೆ ಎಂಬ ಸಂಕೋಚ ನನಗೂ ಇತ್ತು. ಆದರೆ ಅವರು ತಡವನ್ನು ಲೆಕ್ಕಿಸುವುದಿಲ್ಲ, ಬಾರದಿರುವುದನ್ನು ಮಾತ್ರ ಲೆಕ್ಕಿಸುತ್ತಾರೆ. ಆ ಮನೆಗಳಲ್ಲಿ ನಿಮ್ಮ ಪ್ರವಾಸದ ಕತೆ ಬೇಡ. ಚಹಾ ಕೊಟ್ಟರೆ ಕುಡಿದು, ಅವರು ಹೇಳಿದ್ದನ್ನು ಕೇಳಿ ಬನ್ನಿ.

ಉಳಿದ ಮನೆಗಳ ಭೇಟಿಗೆ ದಸರೆಯ ಬನ್ನಿಹಬ್ಬಕ್ಕಿಂತ ಒಳ್ಳೆಯ ನೆವ ಬೇರೆಯಿಲ್ಲ. ಎರಡು ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು" ಎಂದರೆ, ಹೋಗುವ ಮೊದಲು ಮಾತು ಬಿಟ್ಟವರ ಹೊಸ್ತಿಲನ್ನೂ ದಾಟಬಹುದು. ಎಲ್ಲ ಕಡೆ ಎದುರಾಗುವ ಪ್ರಶ್ನೆ ಒಂದೇ: "ಯಾವಾಗ ಬಂದ್ರಿ ಕಾಕಾ?" ಅದರ ಬೆನ್ನಿಗೇ ಇನ್ನೊಂದು: "ಮತ್ತ ಯಾವಾಗ ಹೊಂಟ್ರಿ?" ಎರಡನೆಯದನ್ನು ಕೇಳಿ ಬೇಸರಪಟ್ಟುಕೊಳ್ಳಬೇಕಿಲ್ಲ. ನಿಮ್ಮನ್ನು ಊರಿನ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ, ನೀರಿನ ಪಾಳಿಗೆ, ಜಾತ್ರೆಯ ಪಟ್ಟಿಗೆ ನಿಮ್ಮ ಹೆಸರು ಬರೆಯಬೇಕೋ ಬೇಡವೋ ಎಂದು ತಿಳಿಯಲು ಅವರು ಕೇಳುತ್ತಾರೆ. ಇರುತ್ತೇನೆ ಎಂದಾದರೆ ಹಾಗೆಂದು ಹೇಳಿ ಪಟ್ಟಿಯ ದುಡ್ಡನ್ನು ಅಲ್ಲೇ ಕೊಟ್ಟುಬಿಡಿ. ಮೂರು ತಿಂಗಳಿಗೆ ಹೊರಡುವವರಾದರೆ ಅದನ್ನೂ ಮುಚ್ಚಿಡದೆ ಹೇಳಿ. ಸಾಲ ಕೇಳಿ ಬರುವವರಿಗೆ ಮಾತ್ರ ಯುಗಾದಿಯವರೆಗೆ ಸಮಯ ಕೇಳಿಕೊಳ್ಳುವುದು ಒಳ್ಳೆಯದು. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮಾಳಿಗೆಯ ಖರ್ಚಿನಿಂದಲೇ ಗೊತ್ತಾಗಿರುತ್ತದೆ.

ಇಷ್ಟು ದಿನ ಕೀಲಿಕೈ ಕಾಯ್ದುಕೊಂಡ ನೆರೆಮನೆಯವರಿಗೆ ತಂದ ಸಾಮಾನನ್ನು ಕೊಡುವಾಗ ಕೀಲಿಕೈಯನ್ನು ವಾಪಸು ಕೇಳಬೇಡಿ. ಒಂದು ಜೊತೆ ಅವರ ಗೂಡಿನಲ್ಲೇ ಇರಲಿ.