ಬೂಟಿನ ಡಬ್ಬಿಯಲ್ಲಿ ಉಳಿದ ಕಳ್ಳ ರೇಡಿಯೊ: ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ನೆರೆಯವರಾದ ನಿವೃತ್ತ ಎಂಜಿನಿಯರೊಬ್ಬರು ಕಳೆದ ಬೇಸಿಗೆಯಲ್ಲಿ ಅಟ್ಟ ಖಾಲಿ ಮಾಡಿಸಿದಾಗ ಬೂಟಿನ ಡಬ್ಬಿಯೊಂದರಲ್ಲಿ ಒಂಬತ್ತು ಕ್ಯಾಸೆಟ್‌ಗಳು ಸಿಕ್ಕವು. 1960ರ ದಶಕದ ಕೊನೆಯಲ್ಲಿ ಓದಲು ಇಂಗ್ಲೆಂಡಿಗೆ ಹೋಗಿದ್ದವರು, ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ಸಿಗುತ್ತಿದ್ದ ಪರವಾನಗಿ ಇಲ್ಲದ ಕೇಂದ್ರಗಳನ್ನು ರೇಡಿಯೊ ಮುಂದೆ ಮೈಕ್ ಇಟ್ಟು ಮುದ್ರಿಸಿಕೊಂಡಿದ್ದರು. ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮ ಮನೆಯ ಅಟ್ಟದಲ್ಲಿ ಇಂಥವಿಲ್ಲದಿದ್ದರೂ ಭದ್ರಾವತಿ ಆಕಾಶವಾಣಿಯ ನಾಟಕವನ್ನೋ ಸಿಲೋನ್ ರೇಡಿಯೊದ ಹಾಡುಗಳನ್ನೋ ಹಿಡಿದಿಟ್ಟ ಕ್ಯಾಸೆಟ್ ಇದ್ದೀತು, ಕ್ರಮ ಒಂದೇ.

ಪರವಾನಗಿ ಪಡೆದ ಕೇಂದ್ರಕ್ಕೆ ತನ್ನದೇ ಧ್ವನಿ ಭಂಡಾರವಿರುತ್ತದೆ. ಕದ್ದು ಪ್ರಸಾರ ಮಾಡುವವರು ದಾಖಲೆ ಇಟ್ಟುಕೊಂಡರೆ ಅದೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ. 1964ರ ಮಾರ್ಚಿನಲ್ಲಿ ಬ್ರಿಟನ್ನಿನ ಕರಾವಳಿಯಾಚೆ ಲಂಗರು ಹಾಕಿದ ಹಡಗಿನಿಂದ ರೇಡಿಯೊ ಕ್ಯಾರೊಲೈನ್ ಆರಂಭವಾಯಿತು, ಅದರ ಬೆನ್ನಿಗೇ ಇನ್ನಷ್ಟು ಹಡಗುಗಳು ಬಂದವು. 1967ರ ಆಗಸ್ಟ್ ಮಧ್ಯದಲ್ಲಿ ಜಾರಿಗೆ ಬಂದ ಕಾಯ್ದೆಯಿಂದಾಗಿ ಹೆಚ್ಚಿನವು ಬಾಯಿ ಮುಚ್ಚಿದವು. ಆ ಪ್ರಸಾರಗಳಲ್ಲಿ ಇಂದು ಕೇಳಸಿಗುವ ಬಹುಭಾಗ ಶ್ರೋತೃಗಳು ಮನೆಯಲ್ಲಿ ಮುದ್ರಿಸಿಕೊಂಡದ್ದು. ನಮ್ಮಲ್ಲೂ 1942ರ ಆಗಸ್ಟ್ 27ರಿಂದ ಮುಂಬಯಿಯಲ್ಲಿ ಗುಟ್ಟಾಗಿ ನಡೆದ ಕಾಂಗ್ರೆಸ್ ರೇಡಿಯೊ, ನವೆಂಬರ್ 12ರಂದು ಉಷಾ ಮೆಹ್ತಾ ಮತ್ತು ಸಂಗಡಿಗರ ಬಂಧನದೊಂದಿಗೆ ನಿಂತಿತು. ಅದರಲ್ಲಿ ಏನು ಹೇಳುತ್ತಿದ್ದರೆಂಬುದು ನಮಗೆ ತಿಳಿದಿರುವುದಕ್ಕೆ, ಕದ್ದು ಕೇಳಿ ಬರೆದಿಟ್ಟ ಬ್ರಿಟಿಷ್ ಪೊಲೀಸರಿಗೂ ಋಣಿಯಾಗಿರಬೇಕಾಗಿದೆ.

ಮೊದಲಿಗೆ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕಬೇಡಿ, ಟೇಪಿನಿಂದ ಧ್ವನಿ ಓದುವ ಭಾಗವಾದ ಹೆಡ್ಡಿಗೂ ಬೂಷ್ಟು ಅಂಟಿಕೊಂಡು ಮುಂದಿನ ಕ್ಯಾಸೆಟ್ಟಿಗೆ ದಾಟುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಸ್ಪಂಜಿನ ತುಂಡು ಉದುರಿದ್ದರೆ, ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿಗಳನ್ನು ವರ್ಗಾಯಿಸಬಹುದು. ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲುಗಳು ಇನ್ನೂ ಇದ್ದರೆ ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಏನೂ ಅಳಿಯುವುದಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಕಾದ ಅಟ್ಟದಿಂದ ಇಳಿಸಿದ ಟೇಪು ಒಂದು ದಿನ ಕೋಣೆಯಲ್ಲಿ ತಣ್ಣಗಾಗಲಿ, ನಂತರ ಈ ತುದಿಯಿಂದ ಆ ತುದಿಗೆ ಒಮ್ಮೆ ಪೂರ್ತಿ ಸುತ್ತಿಸಿ.

ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ರಬ್ಬರ್ ರೋಲರಿಗೆ ಸೋಪಿನ ನೀರು ಸಾಕು. ಇನ್ನು ಹೆಚ್ಚಿನವರು ಬಿಟ್ಟುಬಿಡುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸವೊಂದಿದೆ. ಮುದ್ರಿಸಿದ ಯಂತ್ರದ ಹೆಡ್ಡು ಮತ್ತು ನಿಮ್ಮ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೂ ಧ್ವನಿ ಕಂಬಳಿ ಹೊದ್ದು ಮಾತಾಡಿದಂತೆ ಕೇಳಿಸುತ್ತದೆ. ಹೆಡ್ಡಿನ ಪಕ್ಕದಲ್ಲಿರುವ ಸ್ಪ್ರಿಂಗ್ ಸಹಿತ ಸಣ್ಣ ಸ್ಕ್ರೂವನ್ನು, ಟೇಪು ಓಡುತ್ತಿರುವಾಗಲೇ, ಎಡಬಲ ಎರಡೂ ಚಾನೆಲ್‌ಗಳನ್ನು ಕೂಡಿಸಿ ಮೊನೊದಲ್ಲಿ ಕೇಳುತ್ತಾ ನಿಧಾನವಾಗಿ ತಿರುಗಿಸಿ. 'ಸ', 'ಶ' ಅಕ್ಷರಗಳು ಎಲ್ಲಿ ಅತ್ಯಂತ ಚುರುಕಾಗಿ ಕೇಳುತ್ತವೆಯೋ ಅಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು. ನಮ್ಮ ಮೂರನೆಯ ಕ್ಯಾಸೆಟ್ಟಿನಲ್ಲಿ ಗೊಣಗಾಟದಂತಿದ್ದ ಮಾತು ಕಾಲು ಸುತ್ತಿಗೂ ಮೊದಲೇ ಸ್ಪಷ್ಟವಾದಾಗ, ಹಿರಿಯರು ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟು ಹತ್ತಿರ ಬಂದು ಕುಳಿತರು.

ಟೇಪ್ ಡೆಕ್ಕಿನ ಲೈನ್ ಔಟ್‌ನಿಂದ (ಧ್ವನಿ ಹೊರಬರುವ ಕಿಂಡಿಯಿಂದ) ಯುಎಸ್‌ಬಿ ಆಡಿಯೊ ಪೆಟ್ಟಿಗೆಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಸಂಪರ್ಕ ಕೊಡಿ. 50 ಹರ್ಟ್ಸ್‌ನ ಗುಂಯ್ ಸದ್ದು ಕಾಡಿದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ ಎಂದು ಆರಿಸಿ, ಅತಿ ಗಟ್ಟಿ ಸದ್ದೂ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ. ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು ಒಂದು ಜಿಬಿ ಜಾಗ ಬೇಕು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಹಿಡಿಯುತ್ತದೆ, ಅದಕ್ಕೆ ಅಡ್ಡದಾರಿ ಇಲ್ಲ.

ಇಳಿಸಿದ ಮೇಲೆ ಸದ್ದು ತೆಗೆಯುವ ಗುಂಡಿಯ ಮೇಲೆ ಕೈ ಹೋಗುವುದು ಸಹಜ. ಮೂಲ ಕಡತವನ್ನು ಮುಟ್ಟದೆ, ಶುದ್ಧಗೊಳಿಸುವ ಆಟವನ್ನೆಲ್ಲ ನಕಲಿನ ಮೇಲೆ ಆಡಿ. 1970ರಲ್ಲಿ ರೇಡಿಯೊ ನಾರ್ತ್‌ಸೀ ಇಂಟರ್‌ನ್ಯಾಷನಲ್ ಎಂಬ ಹಡಗು ಕೇಂದ್ರ ಕೇಳದಂತೆ ಮಾಡಲು ಬ್ರಿಟಿಷ್ ಸರ್ಕಾರವೇ ಅದೇ ತರಂಗಾಂತರದಲ್ಲಿ ಅಡ್ಡ ಸದ್ದು ಬಿಟ್ಟಿತ್ತು. ಅಂಥ ಟೇಪಿನಲ್ಲಿ 'ಗಲಾಟೆ' ಎಂದು ಅಳಿಸಿದರೆ ಚರಿತ್ರೆಯ ಅರ್ಧವೇ ಅಳಿದಂತೆ. ಹಾಡುಗಳು ಡಿಸ್ಕ್‌ಗಳಲ್ಲಿ ಬೇರೆಡೆ ಸಿಗುತ್ತವೆ; ಹಾಡುಗಳ ನಡುವಿನ ಮಾತು, ಸಮಯ, ಹವಾಮಾನ, ಜಾಹೀರಾತು ಎಲ್ಲೂ ಸಿಗುವುದಿಲ್ಲ.

ಡಬ್ಬಿಯ ಮೇಲೆ ತಾರೀಖಿಲ್ಲದಿದ್ದರೆ ಈ ನಡುವಿನ ಮಾತೇ ಅದನ್ನು ಹೇಳುತ್ತದೆ. ಜಾಹೀರಾತಿನ ಬೆಲೆ ಶಿಲ್ಲಿಂಗಿನಲ್ಲಿದ್ದರೆ ಅದು ಬಹುತೇಕ 1971ರ ಫೆಬ್ರವರಿ 15ಕ್ಕಿಂತ ಹಿಂದಿನದು, ಅಂದು ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾಯಿತು. ಹೊಸ ಹಾಡೆಂದು ಘೋಷಿಸಿದ ಡಿಸ್ಕ್ ಬಿಡುಗಡೆಯಾದ ತಿಂಗಳು ಇನ್ನೊಂದು ಗಡಿ ಹಾಕಿಕೊಡುತ್ತದೆ. ನೆರೆಯವರು 'ಅರವತ್ತೆಂಟು' ಎಂದು ಖಡಾಖಂಡಿತವಾಗಿ ಹೇಳಿದ್ದ ಕ್ಯಾಸೆಟ್ಟು ಹೀಗೆ ಎರಡು ವರ್ಷ ಮುಂದಕ್ಕೆ ಸರಿಯಿತು. ಅವರು ಒಪ್ಪಲು ವಾರ ಹಿಡಿಯಿತು.

ಕಡತದ ಹೆಸರಿನಲ್ಲಿ ಕೇಂದ್ರ, ಅಂದಾಜು ವರ್ಷ, ಕ್ಯಾಸೆಟ್ ಸಂಖ್ಯೆ, ಮಗ್ಗುಲು ಇರಲಿ. ಯಾವುದು ಖಚಿತ, ಯಾವುದು ಊಹೆ ಎಂಬುದನ್ನು ಪಕ್ಕದಲ್ಲೊಂದು ಪಠ್ಯ ಕಡತದಲ್ಲಿ ಬರೆದಿಡಿ. ಮೂರು ಪ್ರತಿ ಮಾಡಿ, ಒಂದಾದರೂ ಬೇರೆ ಊರಿನಲ್ಲಿರಲಿ. ನಮ್ಮದೊಂದು ಹಾರ್ಡ್ ಡಿಸ್ಕ್ ಚಿತ್ರದುರ್ಗದಲ್ಲಿ ಅವರ ಮಗಳ ಮನೆಯಲ್ಲಿದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರಸಾರದ ಹಕ್ಕಿಗೆ 25 ವರ್ಷ, ಧ್ವನಿಮುದ್ರಿಕೆಗೆ 60 ವರ್ಷ ರಕ್ಷಣೆಯಿದೆ. ಆದ್ದರಿಂದ ಪ್ರಸಾರ ಹಳೆಯದಾದರೂ ಒಳಗಿನ ಹಾಡಿಗೆ ಒಡೆಯರಿರಬಹುದೆಂಬುದನ್ನು ಸಾರ್ವಜನಿಕವಾಗಿ ಹಂಚುವ ಮೊದಲು ನೋಡಿಕೊಳ್ಳಿ.

ಇಳಿಸಿದ ಮೇಲೆ ಕ್ಯಾಸೆಟ್ಟನ್ನು ಎಸೆಯಬೇಡಿ. ಒಂದೇ ತುದಿಗೆ ಸುತ್ತಿ, ಸ್ಪೀಕರಿನಿಂದ ದೂರ, ನೆಟ್ಟಗೆ ನಿಲ್ಲಿಸಿಡಿ. ಅಟ್ಟದಲ್ಲಿ ಮಾತ್ರ ಬೇಡ.