ಮರ ಬಿಳಿ, ಬೆಟ್ಟ ಗುಲಾಬಿ: ಇನ್‌ಫ್ರಾರೆಡ್ ಬಣ್ಣಗಳ ಜೊತೆ ನನ್ನ ಆಟ

ಇನ್‌ಫ್ರಾರೆಡ್ ಅಂದರೆ ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು. ಅದರಲ್ಲಿ ತೆಗೆದ ಫೋಟೊ ತೋರಿಸಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಇದೆಲ್ಲ ಫೋಟೊಶಾಪ್ ಅಲ್ವಾ?" ಅರ್ಧ ಹೌದು. ಎಲೆ ಬೆಳ್ಳಗೆ ಹೊಳೆಯುವುದು, ನೀಲಿ ಆಕಾಶ ಕಪ್ಪಿಡುವುದು, ಕೆರೆಯ ನೀರು ಮಸಿಯಂತೆ ಕಾಣುವುದು ನಿಜವಾದ ಬೆಳಕಿನ ಲೆಕ್ಕ. ಬಣ್ಣ ಮಾತ್ರ ನಾನು ಹಚ್ಚಿದ್ದು.

ಎಲೆಯ ಒಳಗಿನ ಜೀವಕೋಶಗಳು, ಅವುಗಳ ನಡುವಿನ ಗಾಳಿಯ ಸಂದುಗಳು ಇನ್‌ಫ್ರಾರೆಡ್ ಬೆಳಕನ್ನು ಚದುರಿಸಿ ವಾಪಸ್ ಕಳಿಸುತ್ತವೆ. ಹಸಿರು ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಮಾವಿನ ಕೆಂಪು ಚಿಗುರೂ ಬೆಳ್ಳಗೆ, ಬಲಿತ ಎಲೆಯೂ ಬೆಳ್ಳಗೆ. ರಾಬರ್ಟ್ ವುಡ್ ಎಂಬ ಅಮೆರಿಕದ ಭೌತವಿಜ್ಞಾನಿ 1910ರಲ್ಲೇ ಇಂಥ ಚಿತ್ರಗಳನ್ನು ಪ್ರಕಟಿಸಿದ್ದ.

ಮಾಮೂಲಿ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಇರುತ್ತದೆ. ಅದನ್ನು ಇಟ್ಟುಕೊಂಡೇ 720 ನ್ಯಾನೊಮೀಟರ್ ಫಿಲ್ಟರ್ (ಅದಕ್ಕಿಂತ ಉದ್ದ ಅಲೆಯ ಬೆಳಕನ್ನಷ್ಟೇ ಬಿಡುವಂಥದ್ದು) ಹಾಕಿದರೆ ಬಿಸಿಲಲ್ಲೂ ಎಷ್ಟೋ ಸೆಕೆಂಡಿನ ಎಕ್ಸ್‌ಪೋಷರ್ ಬೇಕು. ಗಾಳಿ ಬೀಸಿದರೆ ಮರವೆಲ್ಲ ಕಲಸಿಹೋಗುತ್ತದೆ. ಅದಕ್ಕೇ ಒಂದು ಹಳೆಯ ಮಿರರ್‌ಲೆಸ್ ಕ್ಯಾಮೆರಾದ ಆ ಗಾಜು ತೆಗೆಸಿ, ಪಾರದರ್ಶಕ ಗಾಜು ಕೂರಿಸಿಕೊಂಡೆ. ಈಗ ಲೆನ್ಸ್ ಮುಂದೆ ಯಾವ ಫಿಲ್ಟರ್ ತಿರುಗಿಸುತ್ತೇನೋ ಆ ಬೆಳಕು ಸಿಗುತ್ತದೆ. ಮಿರರ್‌ಲೆಸ್ ಯಾಕೆಂದರೆ ಅದು ಸೆನ್ಸರ್ ಮೇಲೇ ಫೋಕಸ್ ಮಾಡುತ್ತದೆ. ಇನ್‌ಫ್ರಾರೆಡ್‌ನಲ್ಲಿ ಫೋಕಸ್ ಜರುಗುವ ತಲೆನೋವು ಇಲ್ಲ.

ಬಣ್ಣ ಬೇಕಿದ್ದರೆ ಫಿಲ್ಟರ್ ಆಯ್ಕೆಯೇ ಮುಖ್ಯ. 850 ನ್ಯಾನೊಮೀಟರ್ ಫಿಲ್ಟರ್‌ನಲ್ಲಿ ಸೆನ್ಸರ್‌ನ ಕೆಂಪು, ಹಸಿರು, ನೀಲಿ ಮೂರೂ ಚಾನೆಲ್‌ಗಳಿಗೆ ಹೆಚ್ಚುಕಮ್ಮಿ ಒಂದೇ ಬೆಳಕು ಸೇರುತ್ತದೆ. ಚಾನೆಲ್‌ಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೆ ಬಣ್ಣ ಎಲ್ಲಿಂದ ಬರಬೇಕು? ಅದು ಕಪ್ಪು-ಬಿಳುಪಿಗೆ ಸೈ. 720ರಲ್ಲಿ ಸ್ವಲ್ಪ ಬಣ್ಣ ಉಳಿಯುತ್ತದೆ. 590ರಲ್ಲಿ ಕಿತ್ತಳೆ, ಕೆಂಪು ಬೆಳಕೂ ಒಳಗೆ ಬರುವುದರಿಂದ ಬಣ್ಣ ಧಾರಾಳ. ನಾನು ಜಾಸ್ತಿ ಬಳಸುವುದು ಇದನ್ನೇ.

ಬಿಸಿಲಿನಲ್ಲಿರುವ ಹುಲ್ಲನ್ನು ಫ್ರೇಮ್ ತುಂಬ ತೋರಿಸಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡುತ್ತೇನೆ, ಅಂದರೆ ಅದನ್ನೇ ಬಣ್ಣವಿಲ್ಲದ್ದು ಅಂತ ಕ್ಯಾಮೆರಾಗೆ ಹೇಳುತ್ತೇನೆ. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲೇ ಬೇಕು. ಫೋಟೊ ತಿದ್ದುವ ಲೈಟ್‌ರೂಮ್‌ನ ವೈಟ್ ಬ್ಯಾಲೆನ್ಸ್ ಸ್ಲೈಡರ್ 2000 ಕೆಲ್ವಿನ್‌ಗೇ ನಿಂತುಬಿಡುತ್ತದೆ, ಚಿತ್ರ ಕೆಂಪಾಗಿಯೇ ಉಳಿಯುತ್ತದೆ. ಅದಕ್ಕೆ ಬೇರೆ ಕ್ಯಾಮೆರಾ ಪ್ರೊಫೈಲ್ ಮಾಡಿಟ್ಟುಕೊಳ್ಳಬೇಕು. ಆಮೇಲೆ ಫೋಟೊಶಾಪ್‌ನ ಚಾನೆಲ್ ಮಿಕ್ಸರ್‌ನಲ್ಲಿ ಕೆಂಪು, ನೀಲಿ ಅದಲುಬದಲು: ಕೆಂಪು ಔಟ್‌ಪುಟ್‌ಗೆ ಕೆಂಪು 0, ನೀಲಿ 100, ನೀಲಿ ಔಟ್‌ಪುಟ್‌ಗೆ ಅದರ ಉಲ್ಟಾ. ಆಕಾಶ ನೀಲಿಗೆ ಬರುತ್ತದೆ, ಮರಗಳು ಹೊಂಬಣ್ಣಕ್ಕೆ ತಿರುಗುತ್ತವೆ.

ಇದರಲ್ಲೊಂದು ಮಲೆನಾಡಿನ ಕಿರಿಕಿರಿ ಇದೆ. ನಮ್ಮ ಕೆಂಪು ಮಣ್ಣು ಕೆಂಪು ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಹಾಗಾಗಿ ಅದಲುಬದಲಾದ ಮೇಲೆ ಮಣ್ಣಿನ ದಾರಿ ನೀಲಿಯಾಗಿ ಕೂರುತ್ತದೆ. ಮೇಲೆ ನೀಲಿ, ಕೆಳಗೂ ನೀಲಿ. ಕಣ್ಣು ಎಲ್ಲಿ ನಿಲ್ಲಬೇಕೋ ಗೊತ್ತಾಗುವುದಿಲ್ಲ. ಅಂಥ ಕಡೆ 720 ಹಾಕುತ್ತೇನೆ, ಇಲ್ಲವೇ ದಾರಿಯನ್ನೇ ಫ್ರೇಮಿನಿಂದ ಬಿಡುತ್ತೇನೆ. ಮಾಸ್ಕ್ ಹಾಕಿ ಮಣ್ಣಿಗೆ ಮಾತ್ರ ಬೇರೆ ಬಣ್ಣ ಕೊಡಬಹುದು. ನನಗೆ ಅದು ಇಷ್ಟವಿಲ್ಲ. ಇಡೀ ಚಿತ್ರಕ್ಕೆ ಒಂದೇ ನಿಯಮ ಇರಲಿ ಅಂತ ನನ್ನ ಹಟ. ಬಣ್ಣ ಸುಳ್ಳಾದರೂ ಲೆಕ್ಕ ತಪ್ಪಬಾರದು.

ಈಚೆಗೆ ಹೆಚ್ಚು ಖುಷಿ ಕೊಡುತ್ತಿರುವುದು ಏರೋಕ್ರೋಮ್ ಬಣ್ಣ. ಅದು ಕೊಡಾಕ್ ಮಾಡುತ್ತಿದ್ದ ಇನ್‌ಫ್ರಾರೆಡ್ ಕಲರ್ ಫಿಲ್ಮ್. ಈ ಜಾತಿಯ ಫಿಲ್ಮ್ ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ, ಹಸಿರು ಬಣ್ಣ ಬಳಿದು ಮರೆಮಾಡಿದ್ದನ್ನು ನಿಜವಾದ ಎಲೆಗಳಿಂದ ಬೇರೆ ಮಾಡಿ ನೋಡಲು. ಜೀವಂತ ಎಲೆ ಅದರಲ್ಲಿ ಕೆಂಪು, ಗುಲಾಬಿ. ಈಗ ಅದನ್ನು ಮಾಡುವುದಿಲ್ಲ. ಆದರೆ ನಿಯಮ ಸುಲಭ: ಇನ್‌ಫ್ರಾರೆಡ್ ಹೋಗಿ ಕೆಂಪಾಗಬೇಕು, ಕೆಂಪು ಹಸಿರಾಗಬೇಕು, ಹಸಿರು ನೀಲಿಯಾಗಬೇಕು. ಟ್ರೈಪಾಡ್ ಮೇಲೆ ಎರಡು ಶಾಟ್ ಸಾಕು. ಒಂದು ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಹಾಕಿ ಮಾಮೂಲಿ ಫೋಟೊ, ಇನ್ನೊಂದು 850ರಲ್ಲಿ. ಎರಡನ್ನೂ ಫೋಟೊಶಾಪ್‌ನಲ್ಲಿ ಅಲೈನ್ ಮಾಡಿ, ಚಾನೆಲ್‌ಗಳನ್ನು ಈ ಕ್ರಮದಲ್ಲಿ ಅಂಟಿಸುತ್ತೇನೆ.

ಬಾಬಾಬುಡನ್‌ಗಿರಿ ಕಡೆ ಮಳೆಗಾಲ ಮುಗಿದ ಹೊಸದರಲ್ಲಿ ಹುಲ್ಲುಗಾವಲೂ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡೂ ಕಣ್ಣಿಗೆ ಹಸಿರೋ ಹಸಿರು. ಈ ವಿಧಾನದಲ್ಲಿ ಹುಲ್ಲು ತಿಳಿ ಗುಲಾಬಿಯಾಯಿತು, ಕಣಿವೆಯ ಕಾಡು ಕಡುಗೆಂಪಾಯಿತು. ಎಲ್ಲಿ ಹುಲ್ಲು ಮುಗಿದು ಎಲ್ಲಿ ಕಾಡು ಶುರು ಅನ್ನುವುದು ಗೆರೆ ಎಳೆದ ಹಾಗೆ ಕಂಡಿತು. ಮಣ್ಣಿನ ದಾರಿಯೂ ಇಲ್ಲಿ ಹಳದಿಗೆ ತಿರುಗಿ ತನ್ನ ಪಾಡಿಗೆ ಬೇರೆ ನಿಂತಿತು. ನನಗೆ ಬೇಕಾದ ಸುಳ್ಳು ಬಣ್ಣ ಇದು.

ಶುರು ಮಾಡುವವರಿಗೆ ಒಂದೆರಡು ಮಾತು. ಕೆಲವು ಲೆನ್ಸ್‌ಗಳಲ್ಲಿ ನಡುವೆ ಬೆಳ್ಳನೆಯ ಮಚ್ಚೆ ಬೀಳುತ್ತದೆ, ಅಪರ್ಚರ್ (ಲೆನ್ಸಿನ ಕಿಂಡಿ) ಕಿರಿದಾದಷ್ಟೂ ಅದು ಜಾಸ್ತಿ. ನಾನು ಎಫ್/8ಕ್ಕಿಂತ ಕಿರಿದು ಮಾಡುವುದಿಲ್ಲ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಚಾನೆಲ್ ಬೇರೆಯಾಗಿ ನೋಡಿ, ಬೆಳಕು ಹೆಚ್ಚಾಗಿ ಮೊದಲು ಒಡೆಯುವುದು ಅದೇ. ಬೇರೆಯವರು ಕ್ಯಾಮೆರಾ ಚೀಲಕ್ಕೆ ಹಾಕುವ ಮಟಮಟ ಮಧ್ಯಾಹ್ನ ನಮಗೆ ಒಳ್ಳೆಯ ಹೊತ್ತು. ಎರಡು ಶಾಟ್‌ನ ಆಟಕ್ಕೆ ಮಾತ್ರ ಗಾಳಿ ಏಳುವ ಮೊದಲೇ ಹೋಗಬೇಕು. ಆದರೂ ಫಿಲ್ಟರ್ ಬದಲಿಸುವಷ್ಟರಲ್ಲಿ ಮೋಡ ಸರಿದು ಅದರ ಅಂಚಿಗೆ ಕೆಂಪು, ಹಸಿರು-ನೀಲಿ ಗೆರೆ ಮೂಡುತ್ತದೆ. ನಾನು ಅದನ್ನು ಅಳಿಸುವುದಿಲ್ಲ.