ಪಂಪ್‌ಸೆಟ್ ಕೇಬಲ್ಲಿನಲ್ಲಿ ಎಷ್ಟು ವೋಲ್ಟ್ ಬೀಳುತ್ತಿದೆ? ಅಳೆದು ಲೆಕ್ಕ ಹಾಕುವ ಬಗೆ

ಮಂಡ್ಯ ಕಡೆ ಮೋಟಾರ್ ಸುಟ್ಟರೆ ಮೊದಲ ಬೈಗುಳ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ), ಎರಡನೆಯದು ವೈಂಡಿಂಗ್ ಮಾಡಿದವನಿಗೆ. ಸ್ಟಾರ್ಟರಿನಿಂದ ಕಬ್ಬಿನ ಗದ್ದೆ ದಾಟಿ ಮೋಟಾರಿಗೆ ಹೋಗಿರುವ ಕೇಬಲ್ಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ಮಲ್ಟಿಮೀಟರ್, ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್ ಇದ್ದರೆ ಆ ಅನುಮಾನ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತದೆ.

ಸೂತ್ರ ಹೈಸ್ಕೂಲಿನದೇ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಓಮ್ ಲೆಕ್ಕದಲ್ಲಿ. ಎರಡನ್ನೂ ಗುಣಿಸಿದರೆ ವ್ಯಾಟ್. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಿದರೂ ವ್ಯಾಟೇ ಬರುತ್ತದೆ. ಕೇಬಲ್ಲಿಗೆ ಬೇಕಾಗಿರುವುದು ಈ ಕೊನೆಯದು.

ನೀರು ಕಾಯಿಸುವ 1000 ವ್ಯಾಟ್ ಕಾಯಿಲ್ ತೆಗೆದುಕೊಳ್ಳಿ. 230 ವೋಲ್ಟಿನಲ್ಲಿ ಅದು 4.35 ಆಂಪಿಯರ್ ಎಳೆಯುತ್ತದೆ, ರೋಧ ಸುಮಾರು 53 ಓಮ್. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ ಕರೆಂಟ್ 3.4ಕ್ಕೆ, ವ್ಯಾಟ್ ಸುಮಾರು 610ಕ್ಕೆ ಇಳಿಯುತ್ತದೆ. ನೀರು ಕಾಯಲು ತಡವಾಗುತ್ತದೆ, ಅಷ್ಟೇ. ಆದರೆ ಇದೇ ಧೈರ್ಯದಲ್ಲಿ 100 ವ್ಯಾಟಿನ ಹಳೇ ಬಲ್ಬನ್ನು ಮೀಟರಿಗೆ ಹಿಡಿದರೆ ಲೆಕ್ಕದ 529 ಓಮ್ ಬರುವುದಿಲ್ಲ, 40ರ ಆಸುಪಾಸು ತೋರಿಸುತ್ತದೆ. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ರೋಧ ಅಷ್ಟೇ. ಮೀಟರ್ ಕೆಟ್ಟಿಲ್ಲ.

ಮೋಟಾರಿನ ದಾರಿಯೇ ಬೇರೆ. ಅದರ ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಬರುವುದು ವೈಂಡಿಂಗಿನ ರೋಧವಲ್ಲ. ತ್ರೀ ಫೇಸಿನಲ್ಲಿ ವ್ಯಾಟ್ ಬೇಕಿದ್ದರೆ 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು). 5 ಎಚ್‌ಪಿ ಎಂದರೆ ಮೋಟಾರಿನಿಂದ ಹೊರಗೆ ಬರುವ 3.7 ಕಿಲೋವ್ಯಾಟ್, ಒಳಗೆ ಎಳೆಯುವುದು ಸುಮಾರು 4.5. ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ 415 ವೋಲ್ಟಿನಲ್ಲಿ 8 ಆಂಪಿಯರಿನ ಹತ್ತಿರ ಬರುತ್ತದೆ. ವೋಲ್ಟೇಜ್ 340ಕ್ಕೆ ಇಳಿದರೂ ಎತ್ತಬೇಕಾದ ನೀರು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಮೋಟಾರ್ 9.5 ಆಂಪಿಯರ್ ಎಳೆಯುತ್ತದೆ. ಕಾಯಿಲ್ ವೋಲ್ಟೇಜ್ ಬಿದ್ದಾಗ ತಣ್ಣಗಾಗುತ್ತದೆ, ಮೋಟಾರ್ ಕಾದು ಸುಡುತ್ತದೆ. ಆಗ ಟ್ರಿಪ್ ಆಗಿ ಮೋಟಾರ್ ನಿಲ್ಲಿಸುವುದು ಸ್ಟಾರ್ಟರಿನ ಓವರ್‌ಲೋಡ್ ರಿಲೇಯ ಕೆಲಸ. ಅದರ ತಿರುಪನ್ನು ಮೇಲಕ್ಕೆ ತಿರುಗಿಸಿ ಮೋಟಾರ್ ಓಡಿಸುವವರು ರೀವೈಂಡಿಂಗಿಗೆ ಮುಂಗಡ ಕೊಟ್ಟ ಹಾಗೆ.

ಈಗ ಕೇಬಲ್. ಎರಡೂವರೆ ಎಂಎಂ ತಾಮ್ರದ ಕೋರಿಗೆ (ಕೇಬಲ್ಲಿನೊಳಗಿನ ಒಂದೊಂದು ತಂತಿಗೆ) ಕಿಲೋಮೀಟರಿಗೆ ಸುಮಾರು 7.5 ಓಮ್, 4 ಎಂಎಂಗೆ ಸುಮಾರು 4.7. ಎಂಎಂ ಎಂದು ಬಾಯಲ್ಲಿ ಹೇಳಿದರೂ ಅದು ಚದರ ಮಿಲಿಮೀಟರ್. 300 ಮೀಟರ್ ಎರಡೂವರೆ ಎಂಎಂ ಎಳೆದಿದ್ದರೆ ಒಂದು ಕೋರಿಗೆ 2.25 ಓಮ್. 8 ಆಂಪಿಯರಿಗೆ ಅದರಲ್ಲಿ 18 ವೋಲ್ಟ್ ಬೀಳುತ್ತದೆ. ಎರಡು ಫೇಸ್ ನಡುವೆ ನೋಡಲು 1.732ರಿಂದಲೂ 0.8ರಿಂದಲೂ ಗುಣಿಸಿ: 25 ವೋಲ್ಟ್. ಮೂರೂ ಕೋರ್ ಸೇರಿ ಮಣ್ಣಿಗೆ ಸುರಿಯುವ ಬಿಸಿ 3 × 8 × 8 × 2.25, ಅಂದರೆ 432 ವ್ಯಾಟ್. 4 ಎಂಎಂ ಹಾಕಿದ್ದರೆ 270ರ ಹತ್ತಿರ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಾಗ ವೋಲ್ಟೇಜನ್ನು ಅಷ್ಟು ಮೇಲಕ್ಕೆ ಏರಿಸಿದ್ದೂ ಇದೇ ಕಾರಣಕ್ಕೆ: ಆಂಪಿಯರ್ ಅರ್ಧಕ್ಕಿಳಿದರೆ ನಷ್ಟ ಕಾಲುಭಾಗಕ್ಕಿಳಿಯುತ್ತದೆ.

ಲೆಕ್ಕ ಆದಮೇಲೆ ಅಳತೆ. ಒಣ ಚಪ್ಪಲಿ, ಒಣ ಹಲಗೆ, 600 ವೋಲ್ಟಿನ ಕ್ಯಾಟ್ 3 (ಮೀಟರಿನ ಸುರಕ್ಷತಾ ದರ್ಜೆ, CAT III) ಎಂದು ಬರೆದಿರುವ ಮೀಟರ್ ಇಲ್ಲದೆ ಕೈ ಹಾಕಬೇಡಿ. ಕೆಂಪು ವೈರ್ 10 ಆಂಪಿಯರ್ ತೂತಿನಲ್ಲೇ ಉಳಿದಿದೆಯೋ ಎಂದು ಎರಡು ಸಲ ನೋಡಿಕೊಳ್ಳಿ. ಹಾಗೇ ಫೇಸಿಗೆ ಹಿಡಿದರೆ ಶಾರ್ಟ್ ಆಗುತ್ತದೆ, ಮೀಟರ್ ಕೈಯಲ್ಲೇ ಸಿಡಿಯಬಹುದು. ಕ್ಲ್ಯಾಂಪಿನೊಳಗೆ ಒಂದೇ ಕೋರ್ ಇರಲಿ. ಮೂರನ್ನೂ ಒಟ್ಟಿಗೆ ಹಿಡಿದರೆ ಸೊನ್ನೆಯ ಹತ್ತಿರ ತೋರಿಸುತ್ತದೆ.

ಮೋಟಾರ್ ಓಡುತ್ತಿರುವಾಗಲೇ ಸ್ಟಾರ್ಟರಿನ ಹೊರಹೋಗುವ ಟರ್ಮಿನಲ್‌ನಲ್ಲಿ ಆರ್, ವೈ, ಬಿ ಎಂಬ ಮೂರು ಫೇಸ್‌ಗಳ ನಡುವಿನ ವೋಲ್ಟ್ ನೋಡಿ, ಆರ್-ವೈ, ವೈ-ಬಿ, ಬಿ-ಆರ್ ಮೂರನ್ನೂ ಬರೆದುಕೊಳ್ಳಿ. ಮೇನ್ ಆಫ್ ಮಾಡಿ ಮೋಟಾರಿನ ಟರ್ಮಿನಲ್ ಬಾಕ್ಸ್ ಬಿಚ್ಚಿ, ಮತ್ತೆ ಓಡಿಸಿ ಅಲ್ಲಿಯೂ ನೋಡಿ. ಎರಡು ಅಳತೆಯ ಮಧ್ಯೆ ತಡ ಮಾಡಬಾರದು, ಅಷ್ಟರಲ್ಲಿ ಲೈನ್ ವೋಲ್ಟೇಜೇ ಬದಲಾಗಬಹುದು. ತ್ರೀ ಫೇಸ್ ಬಂದ ಹೊಸದರಲ್ಲಿ ಅಕ್ಕಪಕ್ಕದ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದು ಲೈನ್ ಕುಣಿಯುತ್ತಿರುತ್ತದೆ, ಒಂದು ಹತ್ತು ನಿಮಿಷ ಬಿಟ್ಟು ಶುರುಮಾಡಿ. ಎರಡು ತುದಿಯ ವ್ಯತ್ಯಾಸ 25ರ ಸುತ್ತ ಇದ್ದರೆ ಕೇಬಲ್ ಕೆಟ್ಟಿಲ್ಲ, ದಪ್ಪ ಸಾಲದು ಅಷ್ಟೆ. ಮೂರರಲ್ಲಿ ಎರಡು ಜೋಡಿ ಮಾತ್ರ ಹೆಚ್ಚು ಬಿದ್ದಿದ್ದರೆ ಆ ಎರಡಕ್ಕೂ ಸೇರಿರುವ ಕೋರ್ ಯಾವುದೆಂದು ನೋಡಿ. ಆರ್-ವೈ, ವೈ-ಬಿ ಇಳಿದು ಬಿ-ಆರ್ ನೆಟ್ಟಗಿದ್ದರೆ ವೈ ಕೋರಿನಲ್ಲಿ ಎಲ್ಲೋ ಜಾಯಿಂಟ್ ಕೆಟ್ಟಿದೆ.

ಆ ಜಾಯಿಂಟ್ ಸಾಮಾನ್ಯವಾಗಿ ಬದುವಿನ ಹುಲ್ಲಿನಲ್ಲಿರುತ್ತದೆ: ಟೇಪ್ ಗಟ್ಟಿಯಾಗಿ ಹೊಳಪು ಹೋಗಿ, ಬಿಚ್ಚಿದರೆ ತಾಮ್ರ ಕಪ್ಪಾಗಿ ಹಸಿರು ಪುಡಿ ಉದುರುತ್ತದೆ. ಬರೀ ಅರ್ಧ ಓಮ್ ಇದ್ದರೂ 8 ಆಂಪಿಯರಿಗೆ 32 ವ್ಯಾಟ್, ಅದೂ ಒಂದಿಂಚು ಜಾಗದಲ್ಲಿ. ಸೀಸ ಕರಗಿಸಲು ಸೋಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕು. ಈ ಅರ್ಧ ಓಮನ್ನು ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಹುಡುಕಬೇಡಿ, ಅದರ ವೈರುಗಳೇ ಅಷ್ಟು ತೋರಿಸಬಹುದು.

ಖಚಿತ ರೋಧ ಬೇಕಾದರೆ ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು, ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಡಿಸಿ. ದೂರದ ತುದಿಯಲ್ಲಿ ಎರಡು ಕೋರ್ ಸೇರಿಸಿ ಬಿಗಿಯಿರಿ. ಈ ತುದಿಯಲ್ಲಿ 12 ವೋಲ್ಟ್ ಬ್ಯಾಟರಿ, 60 ವ್ಯಾಟಿನ ಹೆಡ್‌ಲೈಟ್ ಬಲ್ಬ್, 10 ಆಂಪಿಯರ್ ರೇಂಜಿನ ಮೀಟರನ್ನು ಆ ಜೋಡಿಯೊಂದಿಗೆ ಸರಣಿಯಲ್ಲಿ ಕೊಡಿ. ಕೇಬಲ್ ಚಿಕ್ಕದಿದ್ದರೂ ಕರೆಂಟ್ ಮಿತಿಮೀರದಂತೆ ಬಲ್ಬ್ ತಡೆಯುತ್ತದೆ. 2.1 ಆಂಪಿಯರ್ ಹರಿದು, ಈ ತುದಿಯಲ್ಲೇ ಆ ಎರಡು ಕೋರುಗಳ ನಡುವೆ ಇನ್ನೊಂದು ಮೀಟರ್ 9.5 ವೋಲ್ಟ್ ತೋರಿಸಿದರೆ ಹೋಗಿಬರುವ ದಾರಿ 4.5 ಓಮ್, ಒಂದು ಕೋರಿಗೆ ಅದರ ಅರ್ಧ. ಮೂರು ಜೋಡಿಯನ್ನೂ ಹೀಗೆ ನೋಡಿ. ಸಬ್‌ಮರ್ಸಿಬಲ್‌ಗೆ ಕೆಳಗಿನ ತುದಿ ಸಿಗುವುದಿಲ್ಲ, ಬಾವಿಯೊಳಗಿನ ಭಾಗಕ್ಕೆ ಉದ್ದದ ಲೆಕ್ಕವೇ ಗತಿ.

ಕೆಟ್ಟ ಜಾಯಿಂಟನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ಅಳತೆಯ ತಾಮ್ರದ ಕೊಳವೆ ಹಾಕಿ ಕ್ರಿಂಪ್ ಮಾಡಿ, ಮೇಲೆ ರಬ್ಬರ್ ಟೇಪ್, ಅದರ ಮೇಲೆ ಮಾಮೂಲಿ ಟೇಪ್ ಸುತ್ತಿ. ಅಲ್ಯೂಮಿನಿಯಂಗೆ ತಾಮ್ರ ಹೊಸೆದು ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಮತ್ತೆ ಅಲ್ಲಿಗೇ ಬರಬೇಕಾಗುತ್ತದೆ. ಅಂಥ ಕಡೆ ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಜೋಡಣೆ) ಹಾಕಿ.